ಈಗಿರುವ ಅಮೋನಿಯ ಪ್ಲಾಂಟಿನಲ್ಲಿ ಇಂಗಾಲ ಇಳಿಸುವುದು: ವೆಂಟ್ ಹಿಡಿದರೆ ಸಾಕೇ, ಚಿಮಣಿಗೂ ಕೈ ಹಾಕಬೇಕೇ?

ಕಾರ್ಬನ್‌ಲೆಕ್ಕ (ಪ್ರಶ್ನೆ)

ದಿನಕ್ಕೆ 1,500 ಟನ್ನಿನ ಹಳೆಯ ಅಮೋನಿಯ ಪ್ಲಾಂಟು. ಫೀಡೂ (ಕಚ್ಚಾವಸ್ತು) ನೈಸರ್ಗಿಕ ಅನಿಲ, ಫ್ಯೂಯಲೂ ಅದೇ. ಪ್ರೈಮರಿ ರಿಫಾರ್ಮರ್ (ಫರ್ನೇಸಿನ ಟ್ಯೂಬುಗಳಲ್ಲಿ ಅನಿಲ, ಸ್ಟೀಮಿನಿಂದ ಹೈಡ್ರೋಜನ್ ಮಾಡುವುದು), ಗಾಳಿ ಕೊಡುವ ಸೆಕೆಂಡರಿ, ಎರಡು ಹಂತದ ಶಿಫ್ಟ್ (ಕಾರ್ಬನ್ ಮಾನಾಕ್ಸೈಡನ್ನು, ಅಂದರೆ ಸಿಒವನ್ನು, ಸಿಒ2 ಮಾಡುವುದು), ಎಎಂಡಿಇಎ (ಅಬ್ಸಾರ್ಬರಿನಲ್ಲಿ ಸಿಒ2 ಹೀರಿ ರೀಜನರೇಟರಿನಲ್ಲಿ ಬಿಡುವ ಅಮೀನ್ ದ್ರಾವಣ), ಮೆಥನೇಟರ್ (ಉಳಿದ ಸಿಒ, ಸಿಒ2ವನ್ನು ಮೀಥೇನ್ ಮಾಡುವುದು), ಆಮೇಲೆ ಲೂಪ್ (ಅಮೋನಿಯ ತಯಾರಾಗುವ ಸುತ್ತು). ಸ್ಟೀಮ್-ಕಾರ್ಬನ್ ಅನುಪಾತ 3.0. ಒಟ್ಟು ಶಕ್ತಿ ಬಳಕೆ ಟನ್ ಅಮೋನಿಯಕ್ಕೆ 33 ಗಿಗಾಜೂಲ್ (ಎಲ್‌ಎಚ್‌ವಿ, ಅಂದರೆ ನಿವ್ವಳ ಉಷ್ಣಮೌಲ್ಯದ ಲೆಕ್ಕ). ಪಕ್ಕದಲ್ಲಿ ಯೂರಿಯ ಘಟಕವಿಲ್ಲ, ಅಮೋನಿಯವನ್ನೇ ಮಾರುವುದು. ಹಾಗಾಗಿ ರೀಜನರೇಟರ್ ತಲೆಯಿಂದ ಬರುವ ಕಾರ್ಬನ್ ಡೈಆಕ್ಸೈಡ್ (ಸಿಒ2) ಪೂರ್ತಿ ವೆಂಟ್ ಮೂಲಕ ಗಾಳಿಗೆ ಹೋಗುತ್ತಿದೆ.

ಅದನ್ನು ಹಿಡಿದು ಕಂಪ್ರೆಸ್ ಮಾಡಿ ಭೂಗರ್ಭ ಸಂಗ್ರಹದ ಪೈಪ್‌ಲೈನಿಗೆ ಕೊಡುವ ಪ್ರಾಥಮಿಕ ಲೆಕ್ಕ ನಡೆದಿದೆ. ಅಷ್ಟಕ್ಕೆ ನಿಂತರೆ ಟನ್ನಿಗೆ ಎಷ್ಟು ಉಳಿಯುತ್ತದೆ? ಫರ್ನೇಸಿನ ಫ್ಲೂ ಗ್ಯಾಸನ್ನೂ (ಚಿಮಣಿಯ ಹೊಗೆ) ಹಿಡಿಯುವುದು ಲಾಭವೋ, ಬರ್ನರಿಗೆ ಹೈಡ್ರೋಜನ್ ಕೊಡುವುದು ಲಾಭವೋ? "ಇದೆಲ್ಲ ಬಿಟ್ಟು ಎಟಿಆರ್ (ಆಟೋಥರ್ಮಲ್ ರಿಫಾರ್ಮರ್) ಹಾಕಿ" ಅನ್ನುವವರೂ ಇದ್ದಾರೆ. ಅಂಕಿಅಂಶದ ಜತೆಗೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳಿದರೆ ಉಪಕಾರ.

ಪ್ರೊಸೆಸ್‌ಡೆಸ್ಕ್

ಮೊದಲು ಇಂಗಾಲ ಯಾವ ಬಾಗಿಲಿನಿಂದ ಎಷ್ಟು ಹೊರಹೋಗುತ್ತಿದೆ ಎಂದು ಬೇರ್ಪಡಿಸಿ. ನೈಸರ್ಗಿಕ ಅನಿಲಕ್ಕೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ಕೊಡುವ ಅಂಕಿ ಗಿಗಾಜೂಲಿಗೆ 56.1 ಕಿಲೋ ಸಿಒ2. ನಿಮ್ಮ 33ಕ್ಕೆ ಗುಣಿಸಿದರೆ ಟನ್ ಅಮೋನಿಯಕ್ಕೆ 1.85 ಟನ್. ಫೀಡ್ ಸುಮಾರು 21.7, ಫ್ಯೂಯಲ್ 11.3 ಗಿಗಾಜೂಲ್ ಎಂದು ಹಿಡಿಯೋಣ. ಆಗ ಫೀಡಿನ ಪಾಲು 1.22, ಫ್ಯೂಯಲಿನ ಪಾಲು 0.63. ಫ್ಯೂಯಲಿನಲ್ಲಿ ಫರ್ನೇಸಿಗೆ 0.45, ಆಕ್ಸಿಲರಿ ಬಾಯ್ಲರಿಗೆ 0.18 ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ಮೀಟರ್ ನೋಡಿ ತಿದ್ದಿಕೊಳ್ಳಿ.

ಫೀಡಿನ 1.22ರ ಬಗ್ಗೆ ಒಂದು ಮಾತು. ಮೀಥೇನ್, ನೀರಾವಿ, ಗಾಳಿ ಸೇರಿ ಅಮೋನಿಯ ಆಗುವ ಸಮೀಕರಣವನ್ನು ಒಂದು ಹನಿ ನಷ್ಟವಿಲ್ಲದೆ ಬರೆದರೂ ಟನ್ನಿಗೆ 1.14 ಟನ್ ಸಿಒ2 ಹುಟ್ಟಲೇಬೇಕು. ಹೈಡ್ರೋಜನ್ನಿನ ಮೂಲ ಮೀಥೇನ್ ಆಗಿರುವವರೆಗೆ ದಕ್ಷತೆ ಎಷ್ಟೇ ಹೆಚ್ಚಿಸಿದರೂ ಈ ಪಾಲು ಕರಗುವುದಿಲ್ಲ, ಹಿಡಿಯುವುದೊಂದೇ ದಾರಿ. ದಕ್ಷತೆ ಕೆಲಸ ಮಾಡುವುದು ಫ್ಯೂಯಲ್ ಬದಿಯಲ್ಲಿ. ಒಳ್ಳೆಯ ಹೊಸ ಪ್ಲಾಂಟು 28 ಗಿಗಾಜೂಲಿಗೆ ಓಡುತ್ತದೆ. ನಿಮಗೂ ಅದಕ್ಕೂ ಇರುವ 5 ಗಿಗಾಜೂಲ್ ಅಂತರ ಅಂದರೆ 0.28 ಟನ್, ಬಹುತೇಕ ಪೂರ್ತಿ ಚಿಮಣಿಯದು.

ಅದೃಷ್ಟಕ್ಕೆ, ದೊಡ್ಡ ಪಾಲು ಈಗಾಗಲೇ ಹಿಡಿದಿಟ್ಟದ್ದೇ. ಸಿಒ2 ತೆಗೆಯದಿದ್ದರೆ ಲೂಪಿನ ಕಬ್ಬಿಣದ ಕ್ಯಾಟಲಿಸ್ಟ್ ಸಾಯುತ್ತದೆ, ಆದ್ದರಿಂದ ಎಎಂಡಿಇಎ ಖರ್ಚು ಹೇಗೂ ಆಗಿದೆ. ರೀಜನರೇಟರಿನ ಅನಿಲ ನೀರು ಬಿಟ್ಟರೆ ಶೇ 99ರ ಹತ್ತಿರ ಶುದ್ಧ. ಉಳಿದ ಕೆಲಸ ಒಣಗಿಸುವುದು, ಕಂಪ್ರೆಸ್ ಮಾಡುವುದು ಅಷ್ಟೇ. ಇದು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ಒಕ್ಲಹೋಮದ ಎನಿಡ್ ಗೊಬ್ಬರ ಕಾರ್ಖಾನೆ 1982ರಿಂದಲೇ ತನ್ನ ಸಿಒ2ವನ್ನು ತೈಲಬಾವಿಗಳಿಗೆ ಕಳಿಸುತ್ತಿದೆ.

1.22 ಪೂರ್ತಿ ಸಿಗುವುದಿಲ್ಲ. ಸೆಕೆಂಡರಿಯಿಂದ ಜಾರುವ ಮೀಥೇನ್, ಶಿಫ್ಟಿನಿಂದ ಜಾರಿ ಮೆಥನೇಟರಿನಲ್ಲಿ ಮೀಥೇನ್ ಆಗುವ ಸಿಒ, ಎರಡೂ ಲೂಪಿನಲ್ಲಿ ಶೇಖರವಾಗಿ ಪರ್ಜ್ (ಲೂಪಿನಿಂದ ಹೊರಬಿಡುವ ಅನಿಲ) ಮೂಲಕ ಫರ್ನೇಸಿಗೆ ಬಂದು ಉರಿಯುತ್ತವೆ. ಶೇ 3–4 ಅಲ್ಲಿ ಹೋಯಿತು. ಕೈಗೆ ಸಿಗುವುದು ಸುಮಾರು 1.17, ಗಂಟೆಗೆ 73 ಟನ್. ಸುಮಾರು ವಾತಾವರಣದ ಒತ್ತಡದಿಂದ 110–150 ಬಾರ್ ಒತ್ತಡಕ್ಕೆ ಏರಿಸಲು ಟನ್ ಸಿಒ2ಗೆ 100–110 ಯೂನಿಟ್ ವಿದ್ಯುತ್ ಬೇಕು, ಅಂದರೆ 7.7 ಮೆಗಾವ್ಯಾಟಿನ ಮೋಟರ್. ಗ್ರಿಡ್ಡಿನ ಹೊರಸೂಸುವಿಕೆ ಯೂನಿಟ್ಟಿಗೆ 0.7 ಕಿಲೋ ಎಂದಾದರೆ ಟನ್ ಅಮೋನಿಯಕ್ಕೆ 0.09 ಟನ್ ವಾಪಸು ಸೇರುತ್ತದೆ. ಒಟ್ಟು: 1.85 ಕಳೆ 1.17 ಕೂಡಿಸು 0.09, ಅಂದರೆ 0.77. ಸಿಒ2 ಕಂಪ್ರೆಸರ್ ವರ್ಷಕ್ಕೆ ಶೇ 5 ಹೊತ್ತು ನಿಂತಿತೆಂದರೆ ಇನ್ನೊಂದು 0.06.

ತೇವಾಂಶ

ಮೇಲಿನವರ ಲೆಕ್ಕ ಸರಿ. ಆದರೆ "ಒಣಗಿಸುವುದು, ಕಂಪ್ರೆಸ್ ಮಾಡುವುದು ಅಷ್ಟೇ" ಎಂಬ ಆ "ಅಷ್ಟೇ"ಯಲ್ಲಿ ಸಾಕಷ್ಟು ಹೂತುಕೊಂಡಿದೆ.

ರೀಜನರೇಟರ್ ಕಂಡೆನ್ಸರ್ ದಾಟಿದ ಅನಿಲ ನೀರಿನಿಂದ ಸಂತೃಪ್ತವಾಗಿರುತ್ತದೆ. ಪ್ರತಿ ಹಂತದ ಇಂಟರ್‌ಕೂಲರಿನಲ್ಲಿ ನೀರು ಇಳಿಯುತ್ತದೆ, ಆ ನೀರು ಕಾರ್ಬಾನಿಕ್ ಆಮ್ಲ. ಒಣಗಿಸುವ ಘಟಕದವರೆಗಿನ ಕೂಲರ್, ನಾಕ್‌ಔಟ್ ಡ್ರಮ್, ಪೈಪು ಎಲ್ಲ 304ಎಲ್ ಸ್ಟೇನ್‌ಲೆಸ್ ಇರಲಿ. ಒಣಗಿದ ಮೇಲೆ ಕಾರ್ಬನ್ ಸ್ಟೀಲ್ ಸಾಕು. ಡ್ರೈಯರನ್ನು ಕೊನೆಯ ಹಂತ ದಾಟಿಸಿ ಇಡಬೇಡಿ. ಸಿಒ2 ಹಿಡಿದಿಟ್ಟುಕೊಳ್ಳುವ ನೀರಿನ ಪ್ರಮಾಣ ಒತ್ತಡ ಏರಿದಂತೆ ಕಡಿಮೆಯಾಗುತ್ತ ಬಂದು, 50–60 ಬಾರಿನ ಸುತ್ತ ತಳ ಮುಟ್ಟಿ, ಆಮೇಲೆ ದಟ್ಟ ಸ್ಥಿತಿಯಲ್ಲಿ ಮತ್ತೆ ಏರುತ್ತದೆ. ಆ ತಳಕ್ಕೆ ಸ್ವಲ್ಪ ಮುಂಚೆ, 30–45 ಬಾರಿನಲ್ಲಿ, ಡ್ರೈಯರ್ ಇಟ್ಟರೆ ಹೆಚ್ಚಿನ ನೀರು ಕೂಲರಿನಲ್ಲೇ ಬಿದ್ದಿರುತ್ತದೆ. ಗ್ಲೈಕಾಲ್ ಅಗ್ಗ, ಆದರೆ ಒತ್ತಡ ಹೆಚ್ಚಾದಷ್ಟೂ ಸಿಒ2 ಜತೆ ಅದೂ ಹೊರಟುಹೋಗುತ್ತದೆ. ಪೈಪ್‌ಲೈನಿನವರು ಕೆಲವೇ ಹತ್ತು ಪಿಪಿಎಂ ನೀರು ಕೇಳಿದರೆ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಹರಳು) ಹಾಕುವುದೇ ನೆಮ್ಮದಿ.

ಹೈಡ್ರೋಜನ್ನನ್ನು ಮರೆಯಬೇಡಿ. ಅಬ್ಸಾರ್ಬರ್ ತಳದ ದ್ರಾವಣದಲ್ಲಿ ಹೈಡ್ರೋಜನ್, ನೈಟ್ರೋಜನ್ ಸ್ವಲ್ಪ ಕರಗಿರುತ್ತವೆ. ನಡುವೆ ಎಚ್‌ಪಿ ಫ್ಲ್ಯಾಶ್ ಡ್ರಮ್ (ಒತ್ತಡ ಇಳಿಸಿ ಕರಗಿದ ಅನಿಲ ಬಿಡಿಸುವ ಪಾತ್ರೆ) ಇಲ್ಲದಿದ್ದರೆ ಅಥವಾ ಇದ್ದೂ ಅದರ ಒತ್ತಡ ಹೆಚ್ಚಿದ್ದರೆ ಅವು ನೇರ ಸಿಒ2 ಜತೆ ಬರುತ್ತವೆ. ಗಾಳಿಗೆ ಬಿಡುವಾಗ ಯಾರೂ ಕೇಳುತ್ತಿರಲಿಲ್ಲ. ಪೈಪ್‌ಲೈನಿನಲ್ಲಿ ಶೇ 1 ಹೈಡ್ರೋಜನ್ ಇದ್ದರೂ ದ್ರವ ಕುದಿಯತೊಡಗುವ ಒತ್ತಡ ಮೇಲೇರುತ್ತದೆ, ಎರಡು ಹಂತದ ಹರಿವು ಆಗದಂತೆ ಇಡೀ ಲೈನನ್ನು ಹೆಚ್ಚು ಒತ್ತಡದಲ್ಲಿ ನಡೆಸಬೇಕಾಗುತ್ತದೆ. ಶುದ್ಧ ಸಿಒ2ಗೆ ಸಂಧಿಬಿಂದು (ಕ್ರಿಟಿಕಲ್ ಪಾಯಿಂಟ್) 31 ಡಿಗ್ರಿ, 73.8 ಬಾರ್ ಎಂಬ ಪುಸ್ತಕದ ಅಂಕಿ ಆಗ ಉಪಯೋಗಕ್ಕೆ ಬರುವುದಿಲ್ಲ.

ಲೋ ಟೆಂಪರೇಚರ್ ಶಿಫ್ಟಿನ ತಾಮ್ರದ ಕ್ಯಾಟಲಿಸ್ಟ್ ಒಂದಿಷ್ಟು ಮೆಥನಾಲ್ ಮಾಡುತ್ತದೆ, ಹೊಸ ಚಾರ್ಜ್ ಇದ್ದಾಗ ಜಾಸ್ತಿ. ಬಹುಪಾಲು ಕಂಡೆನ್ಸೇಟಿಗೆ ಹೋದರೂ ಉಳಿದದ್ದು ಸಿಒ2 ಜತೆ ಬರುತ್ತದೆ. ಪೈಪ್‌ಲೈನಿನವರ ಸ್ಪೆಸಿಫಿಕೇಶನ್ನಿನಲ್ಲಿ ಮೆಥನಾಲ್ ಮಿತಿ ಇದೆಯೇ ಎಂದು ಮೊದಲೇ ಕೇಳಿ.

ಯೂರಿಯದ ಸಿಒ2 ಕಂಪ್ರೆಸರಿನ ನಕ್ಷೆಯನ್ನು ಹಾಗೇ ನಕಲು ಮಾಡಬಾರದು. ಅಲ್ಲಿ ಸ್ಟೀಲಿನ ರಕ್ಷಣಾ ಪದರ ಉಳಿಯಲೆಂದು ಬೇಕಂತಲೇ ಗಾಳಿ ಸೇರಿಸುತ್ತಾರೆ. ಭೂಗರ್ಭಕ್ಕೆ ಹೋಗುವ ಸಿಒ2ದಲ್ಲಿ ಆಮ್ಲಜನಕ ಪಿಪಿಎಂ ಲೆಕ್ಕದಲ್ಲಿರಬೇಕು.

ಕಾರ್ಬನ್‌ಲೆಕ್ಕ

ಇಬ್ಬರಿಗೂ ಧನ್ಯವಾದ. ಎಚ್‌ಪಿ ಫ್ಲ್ಯಾಶ್ ಇದೆ, ಆ ಅನಿಲ ಈಗ ಫ್ಯೂಯಲಿಗೆ ಹೋಗುತ್ತದೆ. ಇನ್ನೊಂದು ಅನುಮಾನ: ಸಿಒ2 ಕಂಪ್ರೆಸರ್ ಟ್ರಿಪ್ ಆದರೆ ಮುಂದಿನ ವಿಭಾಗಕ್ಕೆ ಏನಾಗುತ್ತದೆ? ಅಮೋನಿಯ ಉತ್ಪಾದನೆ ನಿಲ್ಲಬಾರದು.

ಪ್ರೊಸೆಸ್‌ಡೆಸ್ಕ್

ಅಲ್ಲೇ ನಿಜವಾದ ಅಪಾಯ ಇರುವುದು. ಕಂಪ್ರೆಸರ್ ನಿಂತ ಕ್ಷಣ ಗಂಟೆಗೆ 73 ಟನ್ ಅನಿಲಕ್ಕೆ ದಾರಿಯಿಲ್ಲ. ವೆಂಟ್ ವಾಲ್ವ್ ತಡವಾಗಿ ತೆರೆದರೆ ರೀಜನರೇಟರಿನ ಒತ್ತಡ ಏರುತ್ತದೆ, ಸ್ಟ್ರಿಪ್ಪಿಂಗ್ ಕುಗ್ಗುತ್ತದೆ, ಲೀನ್ ದ್ರಾವಣದಲ್ಲಿ (ಅಬ್ಸಾರ್ಬರಿಗೆ ಮರಳುವ ದ್ರಾವಣ) ಸಿಒ2 ಉಳಿಯುತ್ತದೆ. ಅದು ಅಬ್ಸಾರ್ಬರ್ ತಲೆಗೆ ಬಂದಾಗ ಸಿಒ2 ಮೆಥನೇಟರಿಗೆ ಜಾರುತ್ತದೆ. ಮೆಥನೇಟರಿನಲ್ಲಿ ಶೇ 1 ಸಿಒ2ಗೆ ಸುಮಾರು 60 ಡಿಗ್ರಿ, ಶೇ 1 ಸಿಒಗೆ 74 ಡಿಗ್ರಿ ಉಷ್ಣತೆ ಏರುತ್ತದೆ. ಮಾಮೂಲಿ ಏರಿಕೆ 30 ಡಿಗ್ರಿ ಆಸುಪಾಸು. ಒಳಗೆ ಬರುವ ಅನಿಲ 300ರಲ್ಲಿದ್ದು ಶೇ 2 ಸಿಒ2 ಜಾರಿತೆಂದರೆ 450 ಮುಟ್ಟಿತು. ಎಷ್ಟೋ ಪಾತ್ರೆಗಳ ವಿನ್ಯಾಸ ಮಿತಿ ಅದರ ಸುತ್ತಮುತ್ತಲೇ. ಅಷ್ಟರೊಳಗೆ ಮೆಥನೇಟರ್ ಟ್ರಿಪ್ ಆಗಿ ಲೂಪಿಗೆ ಅನಿಲ ನಿಲ್ಲುತ್ತದೆ, ಅಂದರೆ ನೀವು ಆಗಬಾರದೆಂದದ್ದೇ ಆಗುತ್ತದೆ.

ಆದ್ದರಿಂದ ಹಳೆಯ ವೆಂಟ್ ಲೈನು, ಅದರ ಒತ್ತಡದ ಕಂಟ್ರೋಲರ್ ಮುಟ್ಟಬೇಡಿ. ಹೊಸ ಕಂಪ್ರೆಸರಿನ ಸಕ್ಷನ್ನನ್ನು ಅದಕ್ಕೆ ಸಮಾನಾಂತರವಾಗಿ ಜೋಡಿಸಿ. ಕಂಪ್ರೆಸರ್ ತನ್ನ ಗೈಡ್ ವೇನಿನಿಂದ ಸಕ್ಷನ್ ಒತ್ತಡ ಹಿಡಿಯಲಿ, ವೆಂಟ್ ವಾಲ್ವಿನ ಸೆಟ್ ಪಾಯಿಂಟ್ ಅದಕ್ಕಿಂತ ಸ್ವಲ್ಪವೇ ಮೇಲಿರಲಿ. ಟ್ರಿಪ್ ಸಿಗ್ನಲ್ ಬಂದ ಕೂಡಲೇ ಕಂಟ್ರೋಲರಿನ ಪ್ರತಿಕ್ರಿಯೆಗೆ ಕಾಯದೆ ವಾಲ್ವ್ ಇಂತಿಷ್ಟು ತೆರೆಯುವಂತೆ ಫೀಡ್‌ಫಾರ್ವರ್ಡ್ ಹಾಕಿ. ರೀಜನರೇಟರಿನ ಒತ್ತಡವನ್ನು ಖಾಯಂ ಆಗಿ ಏರಿಸಿ ಕಂಪ್ರೆಷನ್ ಶಕ್ತಿ ಉಳಿಸೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ, ರೀಬಾಯ್ಲರಿನ ಉಷ್ಣತೆ ಮತ್ತು ದ್ರಾವಣ ಕೆಡುವ ವೇಗ ಎರಡನ್ನೂ ಲೆಕ್ಕ ಹಾಕಿ ತೋರಿಸಲು ಹೇಳಿ.

ಫ್ಲ್ಯಾಶ್ ಅನಿಲವನ್ನು ಫ್ಯೂಯಲಿಗೆ ಕೊಡುವ ಬದಲು ಸಣ್ಣ ಕಂಪ್ರೆಸರಿನಿಂದ ಅಬ್ಸಾರ್ಬರ್ ಮುಂಚಿನ ಲೈನಿಗೆ ಹಿಂತಿರುಗಿಸಿ. ಅದರಲ್ಲಿರುವ ಸಿಒ2 ಈಗ ಚಿಮಣಿಯಿಂದ ಹೋಗುತ್ತಿದೆ.

ಬರ್ನರ್‌ಸಾಲು

ಚಿಮಣಿ ಪ್ರಶ್ನೆಗೆ ಬರುತ್ತೇನೆ. ಫರ್ನೇಸಿನ ಫ್ಲೂ ಗ್ಯಾಸಿನಲ್ಲಿ ಸಿಒ2 ಶೇ 8–10, ಒತ್ತಡ ವಾತಾವರಣದ್ದು, ಜತೆಗೆ ಶೇ 2–3 ಆಮ್ಲಜನಕ. ಪ್ರೊಸೆಸ್ ಬದಿಯಲ್ಲಿ 25–30 ಬಾರಿನಲ್ಲಿ ಶೇ 18 ಇರುವುದನ್ನು ಹಿಡಿದಷ್ಟು ಸುಲಭವಲ್ಲ. ಎಂಇಎಯಂಥ ಅಮೀನಿಗೆ ಟನ್ ಸಿಒ2ಗೆ 3–4 ಗಿಗಾಜೂಲ್ ಉಷ್ಣ ಬೇಕು.

ನಿಮ್ಮ ಅಂಕಿಗೆ ಹಾಕಿ ನೋಡೋಣ. ಪರ್ಜಿನಲ್ಲಿ ಉರಿಯುವುದೂ ಸೇರಿ ಚಿಮಣಿಯಲ್ಲಿ 0.68. ಶೇ 90 ಹಿಡಿದರೆ 0.61, ಗಂಟೆಗೆ 38 ಟನ್. 3.5 ಗಿಗಾಜೂಲಿನಂತೆ 37 ಮೆಗಾವ್ಯಾಟ್ ಉಷ್ಣ, ಕಡಿಮೆ ಒತ್ತಡದ ಸ್ಟೀಮು ಗಂಟೆಗೆ 60 ಟನ್ನಿನ ಮೇಲೆ. ಹಳೆಯ ಪ್ಲಾಂಟಿನಲ್ಲಿ ಇಷ್ಟು ಸ್ಟೀಮು ಬಿಡುವಾಗಿ ಬಿದ್ದಿರುವುದಿಲ್ಲ. ಹೊಸ ಬಾಯ್ಲರ್ ಹಚ್ಚಿದರೆ ಟನ್ ಅಮೋನಿಯಕ್ಕೆ 2.4 ಗಿಗಾಜೂಲ್ ಹೆಚ್ಚುವರಿ ಅನಿಲ, ಅದರದ್ದೇ 0.13 ಟನ್ ಸಿಒ2. ಅದನ್ನೂ ಅದೇ ಅಮೀನಿಗೆ ಕೊಡಬೇಕು. ಎಲ್ಲ ಸೇರಿ ಒಟ್ಟು 0.25ರ ಆಸುಪಾಸಿಗೆ ಇಳಿಯುತ್ತದೆ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಗ್ರಿಡ್ ವಿದ್ಯುತ್ತಿನದು.

ಯಂತ್ರದ ಕಡೆ ನೋಡುವುದಾದರೆ, ಫ್ಲೂ ಗ್ಯಾಸನ್ನು 40 ಡಿಗ್ರಿಗೆ ತಣಿಸುವ ಗೋಪುರ, ಅಬ್ಸಾರ್ಬರ್ ಒತ್ತಡನಷ್ಟ ದಾಟಿಸುವ ಬ್ಲೋವರ್ ಬೇಕು. ಆ ಬ್ಲೋವರ್ ಕೈಕೊಟ್ಟರೆ ಫರ್ನೇಸ್ ಡ್ರಾಫ್ಟ್ ಪಾಸಿಟಿವ್ ಆಗಿ ಜ್ವಾಲೆ ಇಣುಕುಕಿಂಡಿಯಿಂದ ಹೊರಬರುತ್ತದೆ. ಹಾಗಾಗಿ ಹಳೆಯ ಚಿಮಣಿಗೆ ಡ್ಯಾಂಪರ್ ಹಾಕಿ ಮುಚ್ಚಬಾರದು. ಚಿಮಣಿ ತೆರೆದೇ ಇರಲಿ, ಬ್ಲೋವರ್ ಅದರ ಬುಡದಿಂದ ಎಳೆದುಕೊಳ್ಳಲಿ, ಮೇಲಿನಿಂದ ಒಂಚೂರು ಗಾಳಿ ಒಳಬಂದರೂ ಬರಲಿ. ಫ್ಲೂ ಗ್ಯಾಸಿನ ಆಮ್ಲಜನಕ ಅಮೀನನ್ನು ಕೆಡಿಸುತ್ತದೆ. ದ್ರಾವಣದಲ್ಲಿ ಪೈಪರಜೀನ್ ಇದ್ದರೆ ನೈಟ್ರೋಜನ್ ಆಕ್ಸೈಡುಗಳು ಅದರ ಜತೆ ಸೇರಿ ನೈಟ್ರೋಸಮೀನ್ (ಕ್ಯಾನ್ಸರ್ ತರಬಲ್ಲ ವಸ್ತು) ಆಗುತ್ತವೆ. ಅಬ್ಸಾರ್ಬರ್ ತಲೆಯ ವಾಟರ್ ವಾಶಿನಲ್ಲಿ ಕಂಜೂಸಿ ಬೇಡ.

ಇನ್ನು ಹೈಡ್ರೋಜನ್ ಉರಿಸುವುದು. ಕಾಗದದ ಮೇಲೆ ಚೆನ್ನ: ಸಿಒ2 ತೆಗೆದ ಸಿಂಥೆಸಿಸ್ ಗ್ಯಾಸನ್ನೇ ಬರ್ನರಿಗೆ ಕೊಟ್ಟರೆ ಚಿಮಣಿಯ ಇಂಗಾಲ ಎಎಂಡಿಇಎಗೆ ವರ್ಗವಾಗುತ್ತದೆ. ಆದರೆ ಪ್ರಮಾಣ ನೋಡಿ. ಟನ್ ಅಮೋನಿಯದೊಳಗೆ ಹೋಗುವ ಹೈಡ್ರೋಜನ್ 178 ಕಿಲೋ. ಫರ್ನೇಸಿನ 8 ಗಿಗಾಜೂಲಿಗೆ ಇನ್ನೂ 67 ಕಿಲೋ, ಅಂದರೆ ಶೇ 38 ಹೆಚ್ಚು. ಆ ಹೆಚ್ಚಿನದನ್ನು ತಯಾರಿಸಲೂ ಫರ್ನೇಸ್ ಉರಿಯಬೇಕಲ್ಲ! ಅದನ್ನೂ ಸೇರಿಸಿದರೆ ಮುಂಭಾಗದ ಹೊರೆ ಶೇ 60ರಷ್ಟು ಏರುತ್ತದೆ. ಯಾವ ಹಳೆಯ ರಿಫಾರ್ಮರಿಗೂ ಅಷ್ಟು ಬಿಡುವಿಲ್ಲ. ಅಮೋನಿಯ ಉತ್ಪಾದನೆ ಕಡಿಮೆ ಮಾಡಿಯೇ ಕೊಡಬೇಕು.

ಬರ್ನರಿನದೂ ಬೇರೆ ತಕರಾರು. ಘನ ಮೀಟರಿಗೆ ಹೈಡ್ರೋಜನ್ 10.8, ಮೀಥೇನ್ 35.8 ಮೆಗಾಜೂಲ್. ಅದೇ ಉಷ್ಣಕ್ಕೆ ಮೂರು ಪಟ್ಟು ಗಾತ್ರ, ಫ್ಯೂಯಲ್ ಹೆಡರ್ ಸಾಲದು. ಜ್ವಾಲೆಯ ವೇಗ ಹೆಚ್ಚಿರುವುದರಿಂದ ಪ್ರೀಮಿಕ್ಸ್ ಬರ್ನರಿನಲ್ಲಿ ಜ್ವಾಲೆ ಹಿಂದಕ್ಕೆ ಬಂದು ತುದಿ ಸುಡುತ್ತದೆ. ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಫ್ಲೂ ಗ್ಯಾಸಿನ ಒಟ್ಟು ಹರಿವು ಕಡಿಮೆಯಾಗಿ ಕನ್ವೆಕ್ಷನ್ ವಿಭಾಗದಲ್ಲಿ ಸ್ಟೀಮ್ ಸೂಪರ್‌ಹೀಟಿಗೆ ಶಾಖ ಸಾಲದಾಗುತ್ತದೆ; ಬಹಳ ಜನ ಗಮನಿಸುವುದು ಟ್ಯೂಬಿನ ಉಷ್ಣತೆಯನ್ನು, ಪ್ಲಾಂಟು ಸಿಕ್ಕಿಬೀಳುವುದು ಇಲ್ಲಿ.

ನನ್ನ ಪ್ರಕಾರ ಇವೆರಡಕ್ಕಿಂತ ಮೊದಲು ಮಾಡಬೇಕಾದ್ದು ಉರಿಸುವುದನ್ನೇ ತಗ್ಗಿಸುವುದು. ಪ್ರಿರಿಫಾರ್ಮರ್ (ಪ್ರೈಮರಿಗೆ ಮುಂಚಿನ ಸಣ್ಣ ರಿಫಾರ್ಮರ್) ಹಾಕಿ ಕನ್ವೆಕ್ಷನ್ ಶಾಖವನ್ನು ರಿಫಾರ್ಮಿಂಗಿಗೆ ತಿರುಗಿಸಿ. ಸ್ಟೀಮ್-ಕಾರ್ಬನ್ ಅನುಪಾತ 3.0ಯಿಂದ 2.7ಕ್ಕೆ ತನ್ನಿ, ಆದರೆ ಹೈ ಟೆಂಪರೇಚರ್ ಶಿಫ್ಟಿನ ಕಬ್ಬಿಣದ ಕ್ಯಾಟಲಿಸ್ಟನ್ನು ತಾಮ್ರ ಬೆರೆತ ಬಗೆಗೆ ಬದಲಾಯಿಸಿಕೊಂಡು. ಪ್ರೈಮರಿಯ ಕೆಲಸವನ್ನು ಸೆಕೆಂಡರಿಗೆ ಹೊರಿಸಿ. ಕೆಬಿಆರ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಪ್ಯೂರಿಫೈಯರ್ ವಿನ್ಯಾಸದ ತಿರುಳು ಇದೇ. ಅಲ್ಲಿ ಗಾಳಿ ಶೇ 50ರವರೆಗೆ ಹೆಚ್ಚುವರಿ, ಪ್ರೈಮರಿ ನಿರ್ಗಮನ 700 ಡಿಗ್ರಿ ಆಸುಪಾಸು (ಮಾಮೂಲಿಯಲ್ಲಿ 800 ದಾಟುತ್ತದೆ), ಹೆಚ್ಚಾದ ನೈಟ್ರೋಜನ್ನನ್ನು ಕ್ರಯೋಜೆನಿಕ್ ಪೆಟ್ಟಿಗೆ ತೆಗೆಯುತ್ತದೆ. ಹೀಗೆ ಸೆಕೆಂಡರಿಯೊಳಗೆ ಉರಿದ ಇಂಗಾಲ 30 ಬಾರಿನಲ್ಲಿ ಎಎಂಡಿಇಎಗೆ ಹೋಗುತ್ತದೆ. ಚಿಮಣಿಯ ಸಿಒ2 ಹಿಡಿಯುವ ಅತಿ ಅಗ್ಗದ ವಿಧಾನ ಅದನ್ನು ಚಿಮಣಿಗೆ ಹೋಗಗೊಡದಿರುವುದು.

ಆಕ್ಸಿಲರಿ ಬಾಯ್ಲರಿನ 0.18ಕ್ಕೆ "ಟರ್ಬೈನ್ ತೆಗೆದು ಮೋಟರ್ ಹಾಕಿ" ಅನ್ನುತ್ತಾರೆ. ಆ ಸ್ಟೀಮು ಕಂಡೆನ್ಸಿಂಗ್ ಟರ್ಬೈನಿನಲ್ಲಿ ಕೊಡುವ ಕೆಲಸ ಟನ್ ಅಮೋನಿಯಕ್ಕೆ ಸುಮಾರು 230 ಯೂನಿಟ್. 0.7ರ ಗ್ರಿಡ್ಡಿನಲ್ಲಿ ಅದಕ್ಕೇ 0.16 ಟನ್. ಗ್ರಿಡ್ 0.2 ಇದ್ದರೆ 0.05. ವಿದ್ಯುತ್ ಎಲ್ಲಿಂದ ಎಂದು ಗೊತ್ತಾಗುವ ತನಕ ಟರ್ಬೈನಿಗೆ ಕೈ ಹಚ್ಚಬೇಡಿ.

ಕೋಲ್ಡ್‌ಬಾಕ್ಸ್

ಎಟಿಆರ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ. ಅದು ಹೊಸ ಪ್ಲಾಂಟಿನ ಮಾತು. ಹಳೆಯದಕ್ಕೆ ಹಾಕುವುದೆಂದರೆ ಮುಂಭಾಗ ಪೂರ್ತಿ ಕಿತ್ತು ಲೂಪ್ ಮಾತ್ರ ಉಳಿಸಿಕೊಂಡ ಹಾಗೆ.

ಎಟಿಆರ್‌ನಲ್ಲಿ ಹೊರಗಿನಿಂದ ಕಾಯಿಸುವ ಟ್ಯೂಬುಗಳೇ ಇಲ್ಲ. ಅನಿಲ, ಸ್ಟೀಮು, ಆಮ್ಲಜನಕ ಒಂದೇ ಪಾತ್ರೆಯಲ್ಲಿ ಭಾಗಶಃ ಉರಿದು, ಕೆಳಗಿನ ನಿಕಲ್ ಕ್ಯಾಟಲಿಸ್ಟ್ ಹಾಸಿನಲ್ಲಿ ರಿಫಾರ್ಮ್ ಆಗಿ 950–1,050 ಡಿಗ್ರಿಯಲ್ಲಿ ಹೊರಬರುತ್ತವೆ. ಬಹುತೇಕ ಇಂಗಾಲ ಒತ್ತಡದಲ್ಲಿ ಒಂದೇ ಪೈಪಿನಲ್ಲಿ ಸಿಗುವುದರಿಂದ ಶೇ 95ಕ್ಕಿಂತ ಹೆಚ್ಚು ಹಿಡಿಯಬಹುದು. ಟಾಪ್ಸೋ ಸಂಸ್ಥೆಯ ವಿನ್ಯಾಸದಲ್ಲಿ ಸ್ಟೀಮ್-ಕಾರ್ಬನ್ ಅನುಪಾತ 0.6ಕ್ಕೆ ಇಳಿದಿದೆ. ಇಷ್ಟು ಒಣ ಅನಿಲದಲ್ಲಿ ಮಾಮೂಲಿ ಕಬ್ಬಿಣ-ಕ್ರೋಮಿಯಂ ಶಿಫ್ಟ್ ಕ್ಯಾಟಲಿಸ್ಟ್ ನಡೆಯುವುದಿಲ್ಲ: ಕಬ್ಬಿಣ ಕಾರ್ಬೈಡ್ ಆಗಿ ಹೈಡ್ರೋಕಾರ್ಬನ್ ತಯಾರಿಸಲು ಶುರುಮಾಡುತ್ತದೆ. ಜಿಂಕ್-ಅಲ್ಯೂಮಿನಿಯಂ ಬಗೆ ಬೇಕು. ವೇಸ್ಟ್ ಹೀಟ್ ಬಾಯ್ಲರಿನಲ್ಲಿ ಲೋಹದ ಮೈ 450–800 ಡಿಗ್ರಿ ನಡುವೆ ಇರುವ ಕಡೆ ಮೆಟಲ್ ಡಸ್ಟಿಂಗ್ (ಇಂಗಾಲ ಒಳಹೊಕ್ಕು ಲೋಹ ಪುಡಿಯಾಗುವುದು) ಕಾಟ ಜಾಸ್ತಿ.

ಆಮ್ಲಜನಕ ಟನ್ ಅಮೋನಿಯಕ್ಕೆ ಸುಮಾರು 0.6 ಟನ್. ಅದನ್ನು ಗಾಳಿಯಿಂದ ಬೇರ್ಪಡಿಸುವ ಘಟಕ 240 ಯೂನಿಟ್‌ವರೆಗೆ ವಿದ್ಯುತ್ ಕುಡಿಯುತ್ತದೆ. ನೈಟ್ರೋಜನ್ ಬೇಕಾದ್ದು 0.82 ಟನ್, ಸಿಗುವುದು 2 ಟನ್ ಹತ್ತಿರ. ಹಾಗಾಗಿ ಘಟಕದ ಗಾತ್ರ ನಿರ್ಧರಿಸುವುದು ಆಮ್ಲಜನಕ. ಲೂಪಿಗೆ ಮುಂಚೆ ಬರುವ ನೈಟ್ರೋಜನ್ ವಾಶ್ (ದ್ರವ ನೈಟ್ರೋಜನ್ನಿನಿಂದ ಅನಿಲ ತೊಳೆಯುವುದು) ಮೈನಸ್ 190 ಡಿಗ್ರಿಯಲ್ಲಿ ಸಿಒ, ಮೀಥೇನ್, ಆರ್ಗಾನ್ ಮೂರನ್ನೂ ತೊಳೆದುಬಿಡುತ್ತದೆ. ಮೆಥನೇಟರ್ ಬೇಡ, ಲೂಪಿನಲ್ಲಿ ಪರ್ಜ್ ಇಲ್ಲವೆನ್ನುವಷ್ಟು. ಆದರೆ ವಾಶಿಗೆ ಮುಂಚಿನ ಸೀವ್ ಹಾಸಿನಿಂದ ಸಿಒ2 ಜಾರಿ ಬಂದರೆ ಕೋಲ್ಡ್ ಬಾಕ್ಸಿನ ಎಕ್ಸ್‌ಚೇಂಜರಿನಲ್ಲಿ ಅದು ಹಿಮಗಟ್ಟುತ್ತದೆ, ಒತ್ತಡನಷ್ಟ ಏರುತ್ತ ಹೋಗಿ ಕೊನೆಗೆ ನಿಲ್ಲಿಸಿ ಬೆಚ್ಚಗೆ ಮಾಡಬೇಕು. ವಾಶಿನ ತಳದ ಟೇಲ್ ಗ್ಯಾಸಿನಲ್ಲಿ ಸಿಒ, ಮೀಥೇನ್ ಇರುತ್ತದೆ, ಅದು ಪ್ರೀಹೀಟರಿನಲ್ಲಿ ಉರಿಯುತ್ತದೆ. ಶೇ 100 ಅನ್ನುವ ಜಾಹೀರಾತು ಎಡವುವುದು ಅಲ್ಲೇ.

ಗ್ಯಾಸ್‌ಮೀಟರ್

ಬೇಲಿಯ ಹೊರಗಿನದನ್ನೂ ಸೇರಿಸಿ. ನೀವು ಟನ್ನಿಗೆ 33 ಗಿಗಾಜೂಲ್, ಅಂದರೆ ಸುಮಾರು 0.66 ಟನ್ ಅನಿಲ ತೆಗೆದುಕೊಳ್ಳುತ್ತೀರಿ. ಬಾವಿಯಿಂದ ಗೇಟಿನವರೆಗೆ ಶೇ 1 ಸೋರಿದರೆ 6.6 ಕಿಲೋ ಮೀಥೇನ್. ಐಪಿಸಿಸಿ ಆರನೇ ವರದಿಯ ಪ್ರಕಾರ ಅದು ಬಿಸಿಯೇರಿಸುವುದು ನೂರು ವರ್ಷದ ಲೆಕ್ಕಕ್ಕೆ ಸಿಒ2ದ 29.8 ಪಟ್ಟು, ಇಪ್ಪತ್ತು ವರ್ಷಕ್ಕೆ 82.5 ಪಟ್ಟು. ಅಂದರೆ ಟನ್ ಅಮೋನಿಯಕ್ಕೆ 0.20 ಟನ್ ಅಥವಾ 0.54 ಟನ್ ಸಿಒ2ಗೆ ಸಮ. ಚಿಮಣಿಗೆ ಅಮೀನ್ ಹಾಕಿ ಗಳಿಸುವ 0.5ನ್ನು ಇಪ್ಪತ್ತು ವರ್ಷದ ಲೆಕ್ಕದಲ್ಲಿ ಶೇ 1ರ ಸೋರಿಕೆಯೇ ನುಂಗುತ್ತದೆ.

ಯುರೋಪಿಗೆ ಮಾರುವ ಉದ್ದೇಶವಿದ್ದರೆ ಅಲ್ಲಿಯ ಕಡಿಮೆ ಇಂಗಾಲದ ಇಂಧನದ ಮಿತಿ ಪಳೆಯುಳಿಕೆ ಇಂಧನಕ್ಕೆ ಹಿಡಿದ ಮೆಗಾಜೂಲಿಗೆ 94 ಗ್ರಾಂ ಸಿಒ2ಗಿಂತ ಶೇ 70 ಕಡಿಮೆ, ಅಂದರೆ 28.2 ಗ್ರಾಂ. ಅಮೋನಿಯದ ಕಿಲೋಗೆ 18.6 ಮೆಗಾಜೂಲಿಗೆ ಗುಣಿಸಿದರೆ ಟನ್ನಿಗೆ 0.52 ಟನ್, ಅದೂ ಅನಿಲ ಪೂರೈಕೆಯ ಸೋರಿಕೆ ಸೇರಿಸಿ. ವೆಂಟ್ ಒಂದನ್ನೇ ಹಿಡಿದ ನಿಮ್ಮ 0.77 ಅಲ್ಲಿ ಪಾಸಾಗುವುದಿಲ್ಲ. 0.25ಕ್ಕೆ ಇಳಿಸಿದರೂ ಸೋರಿಕೆಗೆ ಉಳಿಯುವ ಜಾಗ 0.27 ಮಾತ್ರ.

ತೇವಾಂಶ

ಅಳತೆಯ ಬಗ್ಗೆ ಒಂದು ಸೇರಿಕೆ. ಸಿಒ2 ಮೀಟರನ್ನು ಡ್ರೈಯರ್ ದಾಟಿದ ಮೇಲೆ ಇಡಿ. ಒದ್ದೆ ಅನಿಲದ ಆರಿಫಿಸ್ ಓದುವಿಕೆಯನ್ನು ಆಡಿಟರು ಒಪ್ಪುವುದು ಕಷ್ಟ. ದಟ್ಟ ಸ್ಥಿತಿಯ ಲೈನಿನಲ್ಲಿ ಕೊರಿಯೋಲಿಸ್ ಮೀಟರ್ (ಹರಿಯುವ ತೂಕವನ್ನೇ ಅಳೆಯುವುದು) ಚೆನ್ನ. ದಿನಕ್ಕೊಮ್ಮೆ ಫೀಡಿನ ಇಂಗಾಲವನ್ನು ಕ್ರೊಮಟೋಗ್ರಾಫ್ ವಿಶ್ಲೇಷಣೆಯಿಂದ ಲೆಕ್ಕ ಹಾಕಿ, ಕಳಿಸಿದ ಸಿಒ2, ವೆಂಟ್, ಪರ್ಜ್ ಮೂರರ ಮೊತ್ತದ ಜತೆ ಹೋಲಿಸಿ. ಶೇ 2ಕ್ಕಿಂತ ಹೆಚ್ಚು ಅಂತರ ದಿನಗಟ್ಟಲೆ ನಿಂತರೆ ಮೊದಲು ನೋಡಬೇಕಾದ್ದು ವೆಂಟ್ ವಾಲ್ವಿನ ಸೀಟು. ಪೂರ್ತಿ ಮುಚ್ಚಿದಂತೆ ತೋರಿಸುತ್ತ ಹಗಲುರಾತ್ರಿ ಸೋರುವುದು ಅದೇ.